ತಿದ್ದಿದ ಚಿತ್ರ, ತಿದ್ದದ ಚಿತ್ರ

‘ಕ್ಯಾಮೆರಾದಿಂದ ಬಂದ ಹಾಗೆಯೇ ಹಾಕಿದ್ದೇನೆ, ಏನೂ ತಿದ್ದಿಲ್ಲ’ ಎಂಬ ಒಕ್ಕಣೆ ಕಾಸರಗೋಡಿನ ಛಾಯಾಚಿತ್ರಾಸಕ್ತರ ನಡುವೆ ಈಚೆಗೆ ಹೆಚ್ಚಾಗಿ ಕಾಣಿಸುತ್ತಿದೆ. ಬೇಕಲದ ಕೋಟೆ, ಅನಂತಪುರದ ಸರೋವರ, ಮಧೂರಿನ ದೇವಸ್ಥಾನ, ಗದ್ದೆ ಬಯಲಿನ ಯಕ್ಷಗಾನ, ಯಾವುದರ ಚಿತ್ರವೇ ಆಗಲಿ, ತಿದ್ದಿಲ್ಲ ಎಂದೊಡನೆ ಅದು ನಿಜವಾಯಿತೆಂದೂ ತಿದ್ದಿದೆ ಎಂದೊಡನೆ ಸುಳ್ಳಾಯಿತೆಂದೂ ಭಾವಿಸುವವರಿದ್ದಾರೆ. ಫೋನಿನ ಮೇಲೆ ಬೆರಳಾಡಿಸಿದರೆ ಆಕಾಶವೇ ಬದಲಾಗಿಬಿಡುವ ಈ ಕಾಲದಲ್ಲಿ ಅವರ ಆತಂಕ ಸಹಜವಾದದ್ದೇ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅವರು ಗೆರೆ ಎಳೆದಿರುವ ಜಾಗ ಸರಿಯಿಲ್ಲವೆಂಬುದು ನನ್ನ ಅಭಿಪ್ರಾಯ. ಎಷ್ಟು ತಿದ್ದಿದ್ದೇವೆ ಎಂಬುದಕ್ಕಿಂತ ಏನನ್ನು ತಿದ್ದಿದ್ದೇವೆ, ಯಾರ ಎದುರು ಇಡಲು ತಿದ್ದಿದ್ದೇವೆ ಎಂಬುದನ್ನು ಕೇಳಿಕೊಳ್ಳಬೇಕು. ಈ ಸೀಮೆಯಲ್ಲಿ ಚಿತ್ರ ತೆಗೆಯುತ್ತ ಬಂದಿರುವ ನನಗೆ ಅದಕ್ಕೆ ಸಿಕ್ಕಿರುವ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲಿಗೆ, ತಿದ್ದದೆ ಇರುವ ಡಿಜಿಟಲ್ ಚಿತ್ರ ಎಂಬುದೊಂದು ಇಲ್ಲವೇ ಇಲ್ಲ. ಕ್ಯಾಮೆರಾದ ಸೆನ್ಸರಿಗೆ ಬೆಳಕಿನ ಪ್ರಮಾಣ ಗೊತ್ತಾಗುತ್ತದೆಯೇ ಹೊರತು ಬಣ್ಣ ಗೊತ್ತಾಗುವುದಿಲ್ಲ. ಕೊಡಾಕ್ ಕಂಪೆನಿಯ ಬ್ರೈಸ್ ಬೇಯರ್ ಅವರು ರೂಪಿಸಿ 1976ರಲ್ಲಿ ಪೇಟೆಂಟ್ ಆದ ವಿನ್ಯಾಸದಂತೆ ಸೆನ್ಸರಿನ ಮೇಲೆ ಹಸಿರು, ಕೆಂಪು, ನೀಲಿ ಫಿಲ್ಟರುಗಳನ್ನು ಚೌಕುಳಿಯಾಗಿ ಹರಡಿರುತ್ತಾರೆ. ಅರ್ಧದಷ್ಟು ಬಿಂದುಗಳ (ಪಿಕ್ಸೆಲ್‌ಗಳ) ಮೇಲೆ ಹಸಿರು, ಕಾಲುಭಾಗದ ಮೇಲೆ ಕೆಂಪು, ಉಳಿದ ಕಾಲುಭಾಗದ ಮೇಲೆ ನೀಲಿ. ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ, ಉಳಿದೆರಡನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಲೆಕ್ಕ ಹಾಕಿ ತುಂಬಲಾಗುತ್ತದೆ. ಅಂದರೆ ಚಿತ್ರದಲ್ಲಿ ನಾವು ಕಾಣುವ ಬಣ್ಣದ ಅಂಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಅಳತೆಯಿಂದ ಬಂದದ್ದಲ್ಲ, ಊಹೆಯಿಂದ ಬಂದದ್ದು. 14 ಬಿಟ್‌ನ ರಾ (ಸಂಸ್ಕರಿಸದ) ಕಡತದಲ್ಲಿ ಒಂದು ಬಿಂದುವಿಗೆ 16,384 ಹಂತಗಳ ಬೆಳಕು ದಾಖಲಾಗಬಹುದಾದರೆ, ಸಾಮಾನ್ಯವಾಗಿ ಹಂಚಿಕೊಳ್ಳುವ ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ ಉಳಿಯುವುದು 256 ಹಂತ ಮಾತ್ರ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಹಸಿರು ಎಷ್ಟು ಹಸಿರಾಗಿರಬೇಕು ಎಂಬುದನ್ನೆಲ್ಲ ಕ್ಯಾಮೆರಾ ತಯಾರಿಸಿದ ಕಂಪೆನಿಯ ಎಂಜಿನಿಯರುಗಳು ಮೊದಲೇ ತೀರ್ಮಾನಿಸಿರುತ್ತಾರೆ. ಅವರಲ್ಲಿ ಯಾರೂ ಬದಿಯಡ್ಕದ ಅಡಿಕೆ ತೋಟವನ್ನು ಜುಲೈ ತಿಂಗಳ ಮಳೆಯಲ್ಲಿ ನೋಡಿದವರಲ್ಲ. ‘ತಿದ್ದಿಲ್ಲ’ ಎನ್ನುವವನು ವಾಸ್ತವದಲ್ಲಿ, ಊರನ್ನು ಕಾಣದ ಒಬ್ಬರಿಗೆ ತಿದ್ದುವ ಕೆಲಸವನ್ನು ಒಪ್ಪಿಸಿದ್ದಾನೆ, ಅಷ್ಟೆ.

ಹಾಗೆಂದು ಎಲ್ಲವೂ ತಿದ್ದಿದ್ದೇ ತಾನೇ ಎಂದು ಮಾಡಿದ್ದೆಲ್ಲವನ್ನೂ ಸಮರ್ಥಿಸಿಕೊಳ್ಳುವುದು ನನ್ನ ಉದ್ದೇಶವಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಈ ವಿಷಯವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ವೇಷ, ಕುಣಿತಗಳಿಲ್ಲದೆ ಹಾಡು, ಮಾತುಗಳಿಂದಲೇ ನಡೆಯುವ ತಾಳಮದ್ದಳೆಯ ಕೂಟದಲ್ಲಿ ಕುಳಿತರೆ ಸಾಕು. ವಾಲಿಯ ಪಾತ್ರದ ಮಾತನ್ನಾಡುವ ಅರ್ಥಧಾರಿ ಸಮರ್ಥನಾಗಿದ್ದರೆ ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ಸಭೆಯೆದುರು ನಿಲ್ಲಿಸಿ, ಕೇಳುತ್ತ ಕೂತವರೆಲ್ಲ ವಾಲಿಯ ಕಡೆಗೆ ವಾಲುವಂತೆ ಮಾಡಬಲ್ಲ. ಭಾಗವತರು ಹಾಡಿದ ನಾಲ್ಕು ಸಾಲಿನ ಪದ್ಯಕ್ಕೆ ಅವನು ಅರ್ಧ ಗಂಟೆ ಅರ್ಥ ಹೇಳಬಹುದು, ಪದ್ಯದಲ್ಲಿ ಪಿಸುಮಾತಿನಷ್ಟು ಇದ್ದದ್ದನ್ನು ಗುಡುಗಿನಷ್ಟು ಮಾಡಬಹುದು. ಆದರೆ ಪ್ರಸಂಗದ ಕೊನೆಗೆ ವಾಲಿ ಸಾಯಲೇಬೇಕು. ಅವನನ್ನು ಬದುಕಿಸುವ ಅಧಿಕಾರ ಯಾವ ಅರ್ಥಧಾರಿಗೂ ಇಲ್ಲ, ಪದ್ಯದಲ್ಲಿ ಇಲ್ಲದ ಪಾತ್ರವೊಂದನ್ನು ರಂಗಕ್ಕೆ ತರುವ ಅಧಿಕಾರವೂ ಇಲ್ಲ. ಷಟರ್ ತೆರೆದು ಮುಚ್ಚುವಷ್ಟರಲ್ಲಿ ಸೆನ್ಸರಿನ ಮೇಲೆ ಬಿದ್ದ ಬೆಳಕು ನನ್ನ ಪಾಲಿಗೆ ಪದ್ಯ, ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ನಾನು ಮಾಡುವುದೆಲ್ಲ ಅರ್ಥಗಾರಿಕೆ. ಅರ್ಥ ಹೇಳುವುದಕ್ಕೆ ನಾನು ಹಿಂಜರಿಯುವುದಿಲ್ಲ, ಪದ್ಯ ಬದಲಿಸುವುದನ್ನು ಮಾತ್ರ ಒಪ್ಪಲಾರೆ.

ಬೇಕಲದ ಕೋಟೆಯನ್ನೇ ತೆಗೆದುಕೊಳ್ಳಿ. ಕೆಳದಿಯ ಶಿವಪ್ಪ ನಾಯಕನ ಕಾಲದ್ದೆಂದು, ಸುಮಾರು 1650ರದ್ದೆಂದು ಹೇಳಲಾಗುವ, ಹೆಚ್ಚುಕಡಿಮೆ 40 ಎಕರೆ ಹರಡಿರುವ ಈ ಕೋಟೆಯ ಚಿತ್ರಗಳಲ್ಲಿ ಈಗ ಅರ್ಧಕ್ಕರ್ಧ ಆಕಾಶ ಬೇಕಲದ್ದಲ್ಲ. ಆಕಾಶ ಬದಲಿಸುವ ಸಲಕರಣೆ ತಂತ್ರಾಂಶದಲ್ಲೇ ಇರುವುದರಿಂದ ಜೂನ್ ತಿಂಗಳ ಬೂದು ಮೋಡದ ಕೆಳಗೆ ನಿಂತಿದ್ದ ವೀಕ್ಷಣಾ ಗೋಪುರದ ಹಿಂದೆ ಇನ್ಯಾವುದೋ ದೇಶದ ಸಂಜೆಗೆಂಪು ಬಂದು ಕೂರುತ್ತದೆ. ಇದು ಹೊಸ ಚಾಳಿಯಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಚಿತ್ರಗಳನ್ನು ಎರಡು ನೆಗೆಟಿವ್‌ಗಳಿಂದ ಮುದ್ರಿಸಿದ್ದ, ಒಂದು ನೀರಿಗೆ, ಇನ್ನೊಂದು ಆಕಾಶಕ್ಕೆ. ಆ ಕಾಲದ ಗಾಜಿನ ಫಲಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ನೀರು ಕಾಣುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತಿತ್ತು. ಅವನಿಗಿದ್ದ ಆ ಕಷ್ಟ ನಮಗಿಲ್ಲ. ಇಂದಿನ ಸೆನ್ಸರಿನಲ್ಲಿ ಸ್ವಲ್ಪ ಕಡಿಮೆ ಬೆಳಕು ಕೊಟ್ಟು ತೆಗೆದು, ಆಮೇಲೆ ನೆರಳಿನ ಭಾಗವನ್ನು ಎತ್ತಿದರೆ, ಅಂದರೆ ಬೆಳಗಿಸಿದರೆ, ಮಳೆಗಾಲದ ಮೋಡದ ಪದರಗಳೂ ಕೋಟೆಯ ಕಲ್ಲಿನ ಮೇಲಿನ ಹಾವಸೆಯೂ ಒಂದೇ ಚೌಕಟ್ಟಿನಲ್ಲಿ ದಕ್ಕುತ್ತವೆ. ಹಾಗೆ ಎತ್ತುವುದನ್ನು ನಾನು ಧಾರಾಳವಾಗಿಯೇ ಮಾಡುತ್ತೇನೆ. ಅಲ್ಲಿ ನಿಂತಿದ್ದ ಕಣ್ಣಿಗೆ ಎರಡೂ ಒಟ್ಟಿಗೆ ಕಂಡಿದ್ದವು, ಯಂತ್ರಕ್ಕೆ ಒಂದೇ ಸಲಕ್ಕೆ ಆಗದೆ ಹೋದದ್ದನ್ನು ಕಣ್ಣಿನ ಪರವಾಗಿ ಪೂರೈಸಿದಂತಾಯಿತು.

ಆದರೆ ಕಣ್ಣನ್ನು ಸಾಕ್ಷಿಗೆ ಕರೆಯುವುದರಲ್ಲಿ ಒಂದು ಅಪಾಯವಿದೆ. ನೆನಪಿನಲ್ಲಿ ಹಸಿರು ಇನ್ನಷ್ಟು ಹಸಿರಾಗುತ್ತದೆ, ಕೆಂಪು ಇನ್ನಷ್ಟು ಕೆಂಪಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಮುಖ್ಯವಾಗಿ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ವಿಷಯದಲ್ಲಿ ಗೊತ್ತಾಗುತ್ತದೆ. ನೆಲ, ಗೋಡೆ, ಬಾವಿ, ಸುರಂಗ, ಪದವಿನ (ಗುಡ್ಡದ ಮೇಲಿನ ಬಯಲಿನ) ಬೋಳು ಬೆನ್ನು, ಎಲ್ಲವೂ ಅದೇ ಕಲ್ಲು. ಬಣ್ಣದ ತೀವ್ರತೆ ಹೆಚ್ಚಿಸುವ ಸ್ಯಾಚುರೇಶನ್ ಸ್ಲೈಡರನ್ನು ಬಲಕ್ಕೆ ತಳ್ಳಿದ ಚಿತ್ರಗಳಲ್ಲಿ ಅದು ಎಲ್ಲೆಡೆಯೂ ಒಂದೇ ಇಟ್ಟಿಗೆಗೆಂಪು. ಕೋರೆಗೆ ಹೋಗಿ ಆಗ ತಾನೇ ಕಡಿದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಹಾಗಲ್ಲವೆಂದು ತಿಳಿದಿದೆ. ಹೊಸದಾಗಿ ಸೀಳಿದ ಮುಖದಲ್ಲಿ ಕಿತ್ತಳೆಯ ಛಾಯೆ ಹೆಚ್ಚು, ಅದರ ನಡುವೆ ಅರಿಶಿನದ ಕಲೆಗಳು, ಅಲ್ಲಲ್ಲಿ ಬಿಳಿ ಜೇಡಿಯ ಗೂಡುಗಳು, ಕೆಲವು ಕಡೆ ನೇರಳೆಗೆ ತಿರುಗಿದ ಗಟ್ಟಿ ಗಂಟುಗಳು, ಉಗುರಿನಲ್ಲಿ ಕೆರೆದರೆ ಪುಡಿ ಉದುರುವಷ್ಟು ಮೆದು. ಗಾಳಿಗೆ ಒಡ್ಡಿಕೊಂಡ ಮೇಲೆ ಅದು ಗಟ್ಟಿಯಾಗುತ್ತದೆ, ಬಣ್ಣ ಕಂದುತ್ತದೆ. ಈ ಕಲ್ಲು ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವುದನ್ನು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ವರದಿಯಲ್ಲಿ ಮಲಬಾರಿನ ಸಂದರ್ಭದಲ್ಲಿ ದಾಖಲಿಸಿದ್ದಾನೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ಊರಲ್ಲಿ ಕೆಲವೇ ಮಳೆಗಾಲ ಕಳೆದರೆ ಅದೇ ಕಲ್ಲು ಕಪ್ಪಾಗಿ, ಮೇಲೆ ಪಾಚಿ ಹಬ್ಬಿ, ಕೆಂಪೆಂಬುದು ಮೂಲೆ ಒಡೆದಲ್ಲಿ ಮಾತ್ರ ಉಳಿದಿರುತ್ತದೆ. ಹಳೆಯ ಗೋಡೆಯನ್ನು ಕೆಂಪಗೆ ಮಾಡಿ ತೋರಿಸಿದರೆ ಅದರ ವಯಸ್ಸನ್ನೇ ಅಳಿಸಿದಂತೆ. ಅಷ್ಟೂ ಮಳೆಗಾಲಗಳನ್ನು ಕಂಡ ಗೋಡೆಗೆ ಅದು ಮಾಡುವ ಅನ್ಯಾಯವೆಂದೇ ನನಗೆ ಅನಿಸುತ್ತದೆ. ಆದ್ದರಿಂದ ಬಣ್ಣದ ಕೆಲಸವನ್ನು ಚಿತ್ರ ತೆಗೆದ ದಿನವೇ ಮಾಡಿ ಮುಗಿಸುತ್ತೇನೆ, ಸಾಧ್ಯವಾದರೆ ಅದೇ ಜಾಗದ ಕಲ್ಲಿನ ಚೂರೊಂದನ್ನು ಪಕ್ಕದಲ್ಲಿಟ್ಟುಕೊಂಡು.

ಇನ್ನು ಯಕ್ಷಗಾನ. ಈ ಪ್ರಶ್ನೆ ನನ್ನನ್ನು ಬಹಳವಾಗಿ ಕಾಡಿರುವುದು ಅಲ್ಲಿಯೇ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ರಾಕ್ಷಸರಂಥ ಉಗ್ರ ಪಾತ್ರಗಳ ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಕುಳಿತು, ಅಕ್ಕಿಹಿಟ್ಟು ಸುಣ್ಣಗಳ ಮಿಶ್ರಣದಿಂದ ಮುಖದ ಮೇಲೆ ಚಿಟ್ಟಿಯ ಮುಳ್ಳುಗಳನ್ನು ಒಂದೊಂದಾಗಿ ಎಬ್ಬಿಸುವುದನ್ನು ಹತ್ತಿರದಿಂದ ನೋಡಬೇಕು. ಕಡ್ಡಿಯ ತುದಿ ಕೆನ್ನೆಗೆ ತಾಗಿ ಮೇಲಕ್ಕೆದ್ದಾಗ ಬಿಳಿಯ ಒಂದು ಹನಿ ಜೊತೆಗೇ ಎದ್ದು ಮೊನಚಾಗಿ ನಿಲ್ಲುತ್ತದೆ, ಅದು ಒಣಗುವ ಮೊದಲೇ ಪಕ್ಕದಲ್ಲಿ ಇನ್ನೊಂದು ಎದ್ದಿರುತ್ತದೆ, ಮುಖ ತುಂಬುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ಹಿಂದೆ ಹಳದಿಗೆ ಅರ್ದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ ಬಳಸುತ್ತಿದ್ದರು, ಈಗ ಬಹುಮಟ್ಟಿಗೆ ಪೇಟೆಯ ಬಣ್ಣಗಳು ಬಂದಿವೆ. ಆದರೆ ಬಣ್ಣಗಳ ಹೊಂದಾಣಿಕೆ ಹಳೆಯದೇ, ಅದು ದೊಂದಿಯ ಬೆಳಕಿಗೆಂದು ಹುಟ್ಟಿಕೊಂಡದ್ದು. ಎಣ್ಣೆಯ ದೀಪ, ದೊಂದಿಗಳ ಬೆಳಕಿನ ವರ್ಣತಾಪ 2,000 ಕೆಲ್ವಿನ್‌ನ ಆಸುಪಾಸು, ಹಗಲಿನದು ಸುಮಾರು 5,500; ಅಂಕಿ ಕಡಿಮೆಯಾದಷ್ಟೂ ಬೆಳಕು ಕೆಂಪಿನ ಕಡೆಗೆ ತಿರುಗುತ್ತದೆ. ದೊಂದಿಯ ಬೆಳಕಿನಲ್ಲಿ ನೀಲಿ ಬಹಳ ಕಡಿಮೆ ಇರುವುದರಿಂದ ಹಳದಿ ಕೆಂಪುಗಳು ಉರಿದೆದ್ದು ಕಾಣುತ್ತವೆ, ಅಂಚಿನ ಕಪ್ಪು ಇನ್ನಷ್ಟು ಆಳವಾಗುತ್ತದೆ.

ಈಗ ಮೇಳಗಳ ರಂಗಸ್ಥಳದಲ್ಲಿ ಎಲ್‌ಇಡಿ ದೀಪಗಳಿವೆ, ಅಬ್ಬರದ ಪ್ರವೇಶಕ್ಕೆ ನೀಲಿ ನೇರಳೆ ಬೆಳಕನ್ನು ಚೆಲ್ಲುವುದೂ ಉಂಟು. ನೀಲಿ ಎಲ್‌ಇಡಿಯ ಬೆಳಕು 450ರಿಂದ 470 ನ್ಯಾನೋಮೀಟರ್ ತರಂಗಾಂತರದ ಕಿರಿದಾದ ಪಟ್ಟಿಯಲ್ಲಿರುತ್ತದೆ. ಅದರಲ್ಲಿ ಕೆಂಪೇ ಇಲ್ಲದ ಕಾರಣ ಇಂಗಳೀಕದ ಕೆಂಪು ಕಪ್ಪಾಗಿ ಕಾಣುತ್ತದೆ, ಹಳದಿ ಮಂಕಾಗುತ್ತದೆ, ಮೂರು ಗಂಟೆ ಕುಳಿತು ಬರೆದ ಮುಖ ಮಸಿ ಬಳಿದಂತಾಗುತ್ತದೆ. ಇಂಥ ಚಿತ್ರವನ್ನು ಏನು ಮಾಡಬೇಕು? ಆ ಛಾಯೆಯನ್ನು ತೆಗೆದರೆ ಆ ರಾತ್ರಿ ರಂಗದಲ್ಲಿ ಕಂಡದ್ದಕ್ಕೆ ತಪ್ಪಿದಂತೆ, ತೆಗೆಯದಿದ್ದರೆ ವೇಷಕ್ಕೆ ತಪ್ಪಿದಂತೆ. ನಾನು ಎರಡನ್ನೂ ಬೇರೆ ಬೇರೆ ಕೆಲಸಗಳೆಂದು ಎಣಿಸುತ್ತೇನೆ. ಚಿತ್ರ ಆ ರಾತ್ರಿಯ ಆಟದ ವರದಿಯಾಗಿದ್ದರೆ ನೇರಳೆ ನೇರಳೆಯಾಗಿಯೇ ಉಳಿಯಬೇಕು, ಅದು ಇಷ್ಟವಾಗದವರು ದೀಪ ಹಾಕಿದವರನ್ನು ಕೇಳಬೇಕೇ ಹೊರತು ಚಿತ್ರವನ್ನಲ್ಲ. ಚಿತ್ರ ವೇಷದ ದಾಖಲೆಯಾಗಿದ್ದರೆ ಅದನ್ನು ರಂಗದಲ್ಲಿ ತೆಗೆಯುವುದೇ ಸಲ್ಲದು. ಚೌಕಿಯಲ್ಲಿ, ಬಿಳಿ ದೀಪದ ಕೆಳಗೆ, ವೇಷಧಾರಿಯ ಅನುಮತಿ ಪಡೆದು, ಬೂದು ಬಣ್ಣದ ಅಳತೆಕಾರ್ಡನ್ನು ಒಂದು ಚೌಕಟ್ಟಿನಲ್ಲಿ ಸೇರಿಸಿಕೊಂಡು ತೆಗೆಯಬೇಕು. ಆಮೇಲೆ ಆ ಕಾರ್ಡನ್ನು ನೋಡಿ ವೈಟ್ ಬ್ಯಾಲೆನ್ಸ್, ಅಂದರೆ ದೀಪದ ಬಣ್ಣದ ಛಾಯೆ ನೀಗಿಸುವ ಹೊಂದಾಣಿಕೆ, ಸರಿಮಾಡಿದರೆ ಅರ್ದಾಳದ ಹಳದಿ ಅರ್ದಾಳದ ಹಳದಿಯಾಗಿಯೇ ನಿಲ್ಲುತ್ತದೆ.

ಚೌಕಿಯಲ್ಲಿ ತೆಗೆದ ಇಂಥ ಚಿತ್ರವೊಂದರ ಎರಡು ರೂಪಗಳನ್ನು, ಒಂದು ಅಳತೆಕಾರ್ಡಿಗೆ ಸರಿಮಾಡಿದ್ದು, ಇನ್ನೊಂದು ಬೇಕೆಂದೇ ದೊಂದಿಯ ಬಿಸುಪನ್ನು ತಂದುಕೊಂಡದ್ದು, ಹಿರಿಯ ಬಣ್ಣದ ವೇಷಧಾರಿಯೊಬ್ಬರ ಮುಂದಿಟ್ಟಿದ್ದೆ. ಅವರು ಮೊದಲನೆಯದನ್ನು ಬೆರಳಲ್ಲಿ ಹಿಗ್ಗಿಸಿ ಹುಬ್ಬಿನ ಮೇಲಿನ ಗೆರೆಯನ್ನು ತುಂಬ ಹೊತ್ತು ಪರೀಕ್ಷಿಸಿದರು. ‘ಕಲಿಯುವ ಮಕ್ಕಳಿಗೆ ಇದನ್ನು ಕೊಡಿ, ಆಟ ನೋಡದವರಿಗೆ ಅದನ್ನು ಕೊಡಿ’ ಎಂದರು. ಎರಡೂ ಸರಿ ಎಂದು ಅವರು ಹೇಳಲಿಲ್ಲ, ಯಾವುದು ಯಾರಿಗೆ ಸರಿ ಎಂದು ಹೇಳಿದರು. ತಿದ್ದುವ ಕುರಿತು ನಾನು ಓದಿದ ಎಷ್ಟೋ ಲೇಖನಗಳಲ್ಲಿ ಇಷ್ಟು ಸ್ಪಷ್ಟವಾದ ಮಾತು ನನಗೆ ಸಿಕ್ಕಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯವನ್ನು ಹೇಳಬೇಕು. ನೀಲಿ ಬೆಳಕಿನಲ್ಲಿ ಕಪ್ಪಾಗಿಹೋದ ಕೆಂಪನ್ನು ಯಾವ ಸ್ಲೈಡರೂ ಮರಳಿ ತರಲಾರದು, ಏಕೆಂದರೆ ಕಡತದಲ್ಲಿ ಆ ಕೆಂಪಿನ ಮಾಹಿತಿಯೇ ಇಲ್ಲ. ಹಳೆಯ ಕಾಲದಲ್ಲಿ ಕೆಂಪಿಗೆ ಸ್ಪಂದಿಸದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿನಲ್ಲಿಯೂ ಹೀಗೆಯೇ ಕೆಂಪೆಲ್ಲ ಕಪ್ಪಾಗುತ್ತಿತ್ತು. ಈಗಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಅಂಥ ಮುಖವನ್ನು ಕೊಟ್ಟರೆ ಅದು ಕ್ಷಣದಲ್ಲಿ ಕೆಂಪು ತುಂಬಿಕೊಡುತ್ತದೆ. ಆ ಕೆಂಪು ಎಲ್ಲಿಂದ ಬಂತು? ತಂತ್ರಾಂಶ ಕಲಿತ ಅಸಂಖ್ಯಾತ ಬೇರೆ ಚಿತ್ರಗಳಿಂದ. ಆ ಮುಖದಿಂದಲೂ ಅಲ್ಲ, ಆ ರಾತ್ರಿಯಿಂದಲೂ ಅಲ್ಲ. ನೋಡಲು ಅದು ಎಷ್ಟೇ ಸರಿಯಾಗಿ ಕಂಡರೂ ಅಲ್ಲಿಗೆ ಪದ್ಯ ಬದಲಾಯಿತು.

ಚಿತ್ರದೊಳಗಿಂದ ವಸ್ತುಗಳನ್ನು ಅಳಿಸುವ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ವಿದ್ಯುತ್ ತಂತಿ, ಪ್ಲಾಸ್ಟಿಕ್ ಕುರ್ಚಿ, ಭೂತದ ಕೋಲದ ಸುತ್ತ ಎತ್ತಿ ಹಿಡಿದ ಮೊಬೈಲುಗಳು, ಇವೆಲ್ಲ ಚಿತ್ರವನ್ನು ಕೆಡಿಸುತ್ತವೆಂದು ಅಳಿಸುವವರಿಗೆ ನಾನು ಕೇಳುವುದು ಇಷ್ಟೆ: ಐವತ್ತು ವರ್ಷದ ನಂತರ ನಮ್ಮ ಕೋಲ ಹೇಗಿತ್ತೆಂದು ತಿಳಿಯಬಯಸುವವನು ಯಾವುದನ್ನು ನಂಬಬೇಕು? 1982ರ ಫೆಬ್ರವರಿಯ ಮುಖಪುಟಕ್ಕೆ ಹೊಂದಿಸಲು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಗಿಜಾದ ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ಹತ್ತಿರಕ್ಕೆ ಸರಿಸಿದ್ದು ಇಂದಿಗೂ ಚರ್ಚೆಯಾಗುತ್ತಿದೆ, ಸರಿಸಿದ್ದು ಸ್ವಲ್ಪವೇ ಆದರೂ. 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಕೊನೆಯ ಹಿಂದಿನ ಸುತ್ತಿಗೆ ಬಂದಿದ್ದ ಪ್ರವೇಶಗಳಲ್ಲಿ ಐದರಲ್ಲೊಂದು ಪಾಲನ್ನು ಮೂಲ ಕಡತದೊಡನೆ ಹೋಲಿಸಿ ನೋಡಿ ಕೈಬಿಡಬೇಕಾಯಿತು. ಅನಂತಪುರದ ದೇವಸ್ಥಾನದ ಸರೋವರದಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡು, ಮರುವರ್ಷ ಅದೇ ಸರೋವರದಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಾಗ ಊರಿನವರು ಎಷ್ಟು ಭಕ್ತಿಯಿಂದ ಆ ಚಿತ್ರಗಳನ್ನು ಹಂಚಿಕೊಂಡರೆಂಬುದನ್ನು ಕಂಡಿದ್ದೇನೆ. ನೀರಿನ ಮೇಲೊಂದು ಮೊಸಳೆಯ ತಲೆಯನ್ನು ಇಡಲು ಇಂದು ಒಂದು ನಿಮಿಷ ಸಾಕು. ಆ ಭಕ್ತಿ ನಿಂತಿರುವುದು ಚಿತ್ರ ತೆಗೆದವನ ಮಾತಿನ ಮೇಲೆ ಮಾತ್ರ.

ಇದು ಭಕ್ತಿಯ ವಿಷಯಕ್ಕಷ್ಟೇ ಸೀಮಿತವಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕತೆಯನ್ನು, ಎಣ್ಮಕಜೆಯಂಥ ಹಳ್ಳಿಗಳ ಮಕ್ಕಳ ಸ್ಥಿತಿಯನ್ನು ಹೊರಗಿನವರು ಕಂಡದ್ದು ಬಹುಮಟ್ಟಿಗೆ ಛಾಯಾಚಿತ್ರಗಳ ಮೂಲಕ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷಕ್ಕೆ ತಡೆ ಹಾಕುವವರೆಗಿನ ದೀರ್ಘ ವಾದದಲ್ಲಿ, ಕಾಯಿಲೆಗೂ ಸಿಂಪಡಣೆಗೂ ಸಂಬಂಧವಿಲ್ಲವೆಂದು ಸಾಧಿಸುವವರು ಸದಾ ಇದ್ದರು. ಅಂಥ ಚಿತ್ರಗಳಲ್ಲಿ ಒಂದರ ಹಿನ್ನೆಲೆಯನ್ನು ಯಾರಾದರೂ ಮನಕರಗಿಸಲೆಂದು ಬದಲಿಸಿದ್ದರೆ, ಉಳಿದ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ತಳ್ಳಿಹಾಕಲು ಅವರಿಗೆ ಅದೊಂದೇ ಸಾಕಾಗುತ್ತಿತ್ತು. ಅಂಥ ಚಿತ್ರದಲ್ಲಿ ನೆರಳನ್ನು ಕಪ್ಪುಗಟ್ಟಿಸಿ ನೋವನ್ನು ಹೆಚ್ಚಿಸಿ ತೋರಿಸುವುದನ್ನೂ ನಾನು ಒಪ್ಪುವುದಿಲ್ಲ. ಆ ಮನೆಗಳಲ್ಲಿ ಇರುವಷ್ಟು ನೋವು ಸಾಲದೆಂಬಂತೆ ನಾವು ಸೇರಿಸುವುದು ಏನಿದೆ?

ಮುಖಗಳ ವಿಷಯಕ್ಕೆ ಬರುತ್ತೇನೆ. ಹಿಂದಿನ ಸ್ಟುಡಿಯೋಗಳಲ್ಲಿ ನೆಗೆಟಿವ್‌ನ ಮೇಲೆ ಸಣ್ಣ ಮೊನೆಯ ಪೆನ್ಸಿಲಿನಿಂದ ಚುಕ್ಕೆ ಇಟ್ಟು ಕಲೆ, ಸುಕ್ಕುಗಳನ್ನು ಮರೆಸುವ ಕಸುಬಿತ್ತು, ಅದು ಕಣ್ಣಿಗೂ ಕೈಗೂ ಕಷ್ಟದ ಕೆಲಸ. ಈಗ ಫೋನುಗಳು ಕೇಳದೆಯೇ ಚರ್ಮವನ್ನು ನುಣುಪು ಮಾಡುತ್ತವೆ, ಬಿಳಿಚಿಸುತ್ತವೆ. ಮದುವೆಯ ಆಲ್ಬಮ್ಮಿಗೆ ‘ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಮಾಡಿ’ ಎಂದು ಕೇಳುವವರು ನಮ್ಮಲ್ಲಿ ಇದ್ದೇ ಇದ್ದಾರೆ. ನಾನು ಮಾಡುವುದಿಲ್ಲ. 1994ರ ಜೂನ್‌ನಲ್ಲಿ ಟೈಮ್ ಪತ್ರಿಕೆ ಕೊಲೆಯ ಆರೋಪ ಹೊತ್ತಿದ್ದ ಅಮೆರಿಕದ ಕಪ್ಪು ಜನಾಂಗದ ಆಟಗಾರ ಒ.ಜೆ. ಸಿಂಪ್ಸನ್‌ನ ಪೊಲೀಸ್ ಚಿತ್ರವನ್ನು ಕಪ್ಪಾಗಿಸಿ ಮುಖಪುಟದಲ್ಲಿ ಹಾಕಿದ್ದು, ಅದೇ ವಾರ ಅದೇ ಚಿತ್ರವನ್ನು ನ್ಯೂಸ್‌ವೀಕ್ ಇದ್ದ ಹಾಗೆಯೇ ಹಾಕಿದ್ದರಿಂದ ಎಲ್ಲರ ಕಣ್ಣಿಗೆ ಬಿತ್ತು. ಒಂದು ಮುಖವನ್ನು ಅಪರಾಧಿಯಾಗಿ ಕಾಣಿಸಲು ಕಪ್ಪಾಗಿಸುವುದಕ್ಕೂ ಚೆಲುವೆಯಾಗಿ ಕಾಣಿಸಲು ಬಿಳಿಯಾಗಿಸುವುದಕ್ಕೂ ಒಳಗಿರುವ ತಿರಸ್ಕಾರ ಒಂದೇ. ನಿನ್ನ ಬಣ್ಣ ಇರುವಂತೆ ಸಾಲದು ಎಂದು ಮದುವೆಯ ದಿನವೇ ಒಬ್ಬಳಿಗೆ ಹೇಳುವುದು ನನ್ನಿಂದಾಗದು.

ಆದರೆ ಗೋಡೆಗೆ ಹಾಕುವ ಚಿತ್ರದ ವಿಷಯ ಬೇರೆ. ತೀರಿಕೊಂಡ ಅಜ್ಜಿಯದು ಉಳಿದಿರುವುದು ಒಂದೇ ಒಳ್ಳೆಯ ಚಿತ್ರ, ಅದೂ ಆಸ್ಪತ್ರೆಯ ಹಾಸಿಗೆಯಲ್ಲಿ ಮೊಮ್ಮಗ ಫೋನಿನಲ್ಲಿ ತೆಗೆದದ್ದು, ಮೂಗಿನಲ್ಲಿ ಆಮ್ಲಜನಕದ ಕೊಳವೆ. ಹದಿಮೂರನೆಯ ದಿನದೊಳಗೆ ಕೊಳವೆ ತೆಗೆದು ಚೌಕಟ್ಟು ಹಾಕಿಸಿಕೊಡಿ ಎಂದು ಮನೆಯವರು ಬರುತ್ತಾರೆ. ಇಲ್ಲಿ ನಾನು ನನ್ನ ನಿಯಮವನ್ನು ಬದಿಗಿಡುತ್ತೇನೆ, ಯಾವ ಅಳುಕೂ ಇಲ್ಲದೆ. ಕೊಳವೆ ಇತ್ತೆಂಬುದು ಆ ಮನೆಯ ಎಲ್ಲರಿಗೂ ಗೊತ್ತಿದೆ, ಯಾರೂ ಮೋಸ ಹೋಗುವುದಿಲ್ಲ. ಅವರಿಗೆ ಬೇಕಾಗಿರುವುದು ಆಸ್ಪತ್ರೆಯ ಕೊನೆಯ ವಾರದ ಸಾಕ್ಷ್ಯವಲ್ಲ, ಅದಕ್ಕೆ ಮುಂಚೆ ಎಂಬತ್ತು ವರ್ಷ ಇದ್ದ ಮುಖ. ಆದರೂ ಸುಕ್ಕುಗಳನ್ನು ಮುಟ್ಟುವುದಿಲ್ಲ, ಕಿವಿಯ ಜೋತ ತೂತನ್ನು ಮುಚ್ಚುವುದಿಲ್ಲ, ಮೂಲ ಕಡತವನ್ನೂ ಮನೆಯವರಿಗೆ ಕೊಟ್ಟು ಇಟ್ಟುಕೊಳ್ಳುವಂತೆ ಹೇಳುತ್ತೇನೆ. ಅದೇ ಚಿತ್ರವನ್ನು ನಾಳೆ ಯಾರಾದರೂ ಆಸ್ಪತ್ರೆಯ ಕುರಿತ ವರದಿಗೆ ಬಳಸಬಯಸಿದರೆ ಕೊಳವೆ ಇರುವುದನ್ನೇ ಕೊಡಬೇಕು.

ಕೊನೆಗೆ, ಗಡಿನಾಡಿನವರು ಮಾತ್ರ ಪೂರ್ತಿಯಾಗಿ ಅರಿಯಬಲ್ಲ ಒಂದು ಸಂಗತಿ. ತಿದ್ದುವುದೆಂದರೆ ಕಂಪ್ಯೂಟರಿನಲ್ಲಿ ಮಾಡುವುದಷ್ಟೇ ಅಲ್ಲ, ಚೌಕಟ್ಟಿನಿಂದ ಹೊರಗಿಡುವುದೂ ತಿದ್ದುವುದೇ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಒಂದೊಂದು ಫಲಕವೂ ವಾದದ ವಸ್ತು. ಬಸ್ಸು ತಂಗುದಾಣದಲ್ಲಿ, ಶಾಲೆಯ ಗೋಡೆಯಲ್ಲಿ, ಪಂಚಾಯತಿನ ಫಲಕದಲ್ಲಿ ಕನ್ನಡವೂ ಮಲಯಾಳವೂ ಒಂದರ ಕೆಳಗೊಂದು ಇರುತ್ತವೆ. ಮಲಯಾಳದ ಸಾಲನ್ನು ಕತ್ತರಿಸಿದರೆ ಊರು ಅಚ್ಚ ಕನ್ನಡದ್ದಾಗುತ್ತದೆ, ಕನ್ನಡದ್ದನ್ನು ಕತ್ತರಿಸಿದರೆ ಅಚ್ಚ ಮಲಯಾಳದ್ದಾಗುತ್ತದೆ, ಎರಡೂ ಚಿತ್ರಗಳ ಕೆಳಗೆ ‘ಏನೂ ತಿದ್ದಿಲ್ಲ’ ಎಂದು ಬರೆದರೆ ಯಾರೂ ತಪ್ಪೆನ್ನಲಾರರು. ಎರಡೂ ಬಗೆಯ ಚಿತ್ರಗಳು ಓಡಾಡುತ್ತಿವೆ. ಕನ್ನಡದ ಮೇಲಿನ ಪ್ರೀತಿಯಿಂದಲೇ ಹಾಗೆ ಕತ್ತರಿಸುವವರೊಡನೆ ನನ್ನ ಜಗಳವಿದೆ. ನಮ್ಮ ದೂರು ಕನ್ನಡ ಫಲಕಗಳಿಂದ ಮರೆಯಾಗುತ್ತಿದೆ ಎಂಬುದಾದರೆ, ಎಲ್ಲಿ ಮರೆಯಾಗಿದೆ, ಎಲ್ಲಿ ಇನ್ನೂ ಉಳಿದಿದೆ, ಎಲ್ಲಿ ಅಕ್ಷರ ತಪ್ಪಾಗಿ ಬರೆದಿದ್ದಾರೆ ಎಂಬುದನ್ನು ಇಡೀ ಫಲಕ ಕಾಣುವ ಚಿತ್ರಗಳಿಂದ ಮಾತ್ರ ತೋರಿಸಬಹುದು. ಅಂಥ ಚಿತ್ರಗಳನ್ನು ನಾನು ಕಲೆಹಾಕುತ್ತಿದ್ದೇನೆ. ಅವುಗಳಲ್ಲಿ ಬೆಳಕನ್ನು ಓದಲು ಬರುವಷ್ಟು ಎತ್ತಿದ್ದೇನೆ, ಓರೆಯಾದದ್ದನ್ನು ನೇರ ಮಾಡಿದ್ದೇನೆ, ಊರಿನ ಹೆಸರು, ತಿಂಗಳು, ವರ್ಷಗಳ ಜೊತೆಗೆ ಏನೇನು ತಿದ್ದಿದ್ದೇನೆಂಬುದನ್ನೂ ಪ್ರತಿ ಚಿತ್ರದ ಕೆಳಗೆ ಬರೆದಿದ್ದೇನೆ. ಮಂಜೇಶ್ವರದಿಂದ ಹೊಸದುರ್ಗದವರೆಗಿನ ಯಾರಾದರೂ ತಮ್ಮೂರಿನ ಫಲಕದ ಚಿತ್ರ ತೆಗೆದಿದ್ದರೆ, ಕತ್ತರಿಸದ ಮೂಲ ಕಡತವನ್ನೇ ಕಳುಹಿಸಿಕೊಡಿ.